ಎಲ್ಲರ ಹಣೆಗೂ ಕುಂಕುಮ

ನಮ್ಮ ಮನೆಯ ಟಿವಿಯಲ್ಲಿ ವಾರ್ತೆ ಓದುವವರೆಲ್ಲರ ಹಣೆಯ ಮೇಲೂ ಕುಂಕುಮವಿರುತ್ತದೆ. ಹೆಂಗಸರಿಗೆ ಇರುತ್ತದೆ, ಮೀಸೆ ಹೊತ್ತ ಗಂಡಸರಿಗೂ ಇರುತ್ತದೆ. ಪರದೇಶದ ಅಧ್ಯಕ್ಷರೊಬ್ಬರು ವಿಮಾನದ ಮೆಟ್ಟಿಲಿಳಿದು ಬರುವಾಗ ಅವರ ಹುಬ್ಬುಗಳ ನಡುವೆ ಸರಿಯಾಗಿ ಒಂದು ಕೆಂಪು ಬೊಟ್ಟು ಮೂಡುತ್ತದೆ; ಅವರು ಕೈಕುಲುಕಲು ಪಕ್ಕಕ್ಕೆ ಸರಿದರೆ ಬೊಟ್ಟು ಅವರ ಹಿಂದೆ ನಿಂತ ಅಂಗರಕ್ಷಕನ ಪಾಲಾಗುತ್ತದೆ. ಬೊಟ್ಟು ಇದ್ದಲ್ಲೇ ಇರುತ್ತದೆ. ಜನ ಬಂದು ಹಚ್ಚಿಕೊಂಡು ಹೋಗುತ್ತಾರೆ. ಒಮ್ಮೆ ಹುಲಿಯೊಂದು ನೀರು ಕುಡಿಯಲು ಬಂದು ಮುತ್ತೈದೆಯಾಗಿ ಹೋಯಿತು.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಒಪ್ಪಿಕೊಂಡುಬಿಡುತ್ತೇನೆ. ಈ ಟಿವಿಯನ್ನು ಯಾರೂ ನನ್ನ ತಲೆಗೆ ಕಟ್ಟಲಿಲ್ಲ. ಮೂರು ಟಿವಿಗಳನ್ನು ಸಾಲಾಗಿ ನಿಲ್ಲಿಸಿ, ಅರ್ಧ ದಿನ ಪರೀಕ್ಷಿಸಿ, ಮೂರರಲ್ಲಿ ಇದೇ ಉತ್ತಮ ಎಂದು ನಾನೇ ಆರಿಸಿ, ನನ್ನ ಕೈಯಾರೆ ಗುರುತು ಹಾಕಿ ತಂದದ್ದು. ನೀವು ನಾಳೆ ಟಿವಿ ಕೊಳ್ಳಲು ಹೊರಟಿದ್ದರೆ ಚಪ್ಪಲಿ ಮೆಟ್ಟುವ ಮೊದಲು ಇದನ್ನು ಓದಿ. ಕೇಳದಿದ್ದವರಿಗೂ ಸಲಹೆ ಕೊಡುವುದು ನನ್ನ ಹುಟ್ಟುಗುಣ. ನೀವಂತೂ ಓದಲು ಕುಳಿತಿದ್ದೀರಿ, ಸಿಕ್ಕಿಬಿದ್ದಿದ್ದೀರಿ.

ನಾನು ಬ್ಯಾಡಗಿಯ ಮೆಣಸಿನಕಾಯಿ ಖರೀದಿದಾರ. ಏಳನೇ ಇಯತ್ತೆಗೆ ಪಾಟಿಚೀಲ ಬಿಸಾಕಿ, ದಬ್ಬಣ ಹಿಡಿದು, ಪೇಟೆಯಲ್ಲಿ ಚೀಲ ಹೊಲಿಯಲು ನಿಂತವನು. ಹೊಲಿಯುತ್ತ ಹೊಲಿಯುತ್ತ ಚೀಲದೊಳಗೆ ಏನಿದೆ ಎಂದು ನೋಡುವುದನ್ನು ಕಲಿತೆ. ರಾಶಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದರೆ ಸಾಕು, ಆ ಕಾಯಿ ಯಾವ ಮಣ್ಣಿನದು, ಎಷ್ಟು ಬಿಸಿಲು ಕಂಡಿದೆ, ರೈತ ಅದಕ್ಕೆ ನೀರು ಚಿಮುಕಿಸಿ ತಂದಿದ್ದಾನೋ ಇಲ್ಲವೋ ಎಲ್ಲ ಹೇಳಬಲ್ಲೆ. ಈಗ ನನ್ನದೇ ಅಂಗಡಿ ಇದೆ, ಗೋದಾಮಿದೆ. ಆದರೆ ನನ್ನ ನಿಜವಾದ ಆಸ್ತಿ ಅದಲ್ಲ. ಅದು ಜೀಪಿನ ಮುಂದಿನ ಸೀಟು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ದೊಡ್ಡ ಖರೀದಿಗೆಂದು ಹಾವೇರಿಗೋ ರಾಣೆಬೆನ್ನೂರಿಗೋ ಜೀಪು ಹೊರಟರೆ ಡ್ರೈವರಿನ ಪಕ್ಕದ ಸೀಟು ಖರೀದಿ ಬಲ್ಲವನಿಗೆ ಮೀಸಲು. ದುಡ್ಡು ಕೊಡುವ ಯಜಮಾನನೂ ಹಿಂದೆ ಕೂರುತ್ತಾನೆ. ಹುಡುಗನಾಗಿದ್ದಾಗ ಯಾವ ಜೀಪಿನ ಹಿಂದಿನ ಸೀಟಿಗೂ ನನ್ನನ್ನು ಯಾರೂ ಕರೆಯಲಿಲ್ಲ. ಮೂವತ್ತು ವರ್ಷದ ಮೇಲೆ ಎಂಥ ಸ್ಥಿತಿ ಬಂತೆಂದರೆ, ಬ್ಯಾಡಗಿಯಲ್ಲಿ ಪಂಪ್‌ಸೆಟ್ಟು, ಫ್ರಿಜ್ಜು, ಮಗ್ಗದ ಸೀರೆ, ಹಾಲು ಕರೆಯುವ ಎಮ್ಮೆ, ಯಾವುದನ್ನು ಕೊಳ್ಳುವುದಿದ್ದರೂ ಜೀಪು ಮೊದಲು ನನ್ನ ಮನೆಯ ಮುಂದೆ ಬಂದು ಹಾರ್ನ್ ಹೊಡೆಯುತ್ತಿತ್ತು. ಓದಿದವರಿಗೆ ಗೋಡೆಯ ಮೇಲೆ ಪದವಿಪತ್ರ ಇರುತ್ತದಲ್ಲ, ನನಗೆ ಆ ಸೀಟು.

ಆ ಸೀಟಿನಿಂದ ಗಳಿಸಿದ ಜ್ಞಾನದಲ್ಲಿ ಒಂದಿಷ್ಟನ್ನು ನಿಮಗೆ ಇಲ್ಲೇ ಕೊಟ್ಟುಬಿಡುತ್ತೇನೆ. ಅಂಗಡಿಗೆ ಹಳೆಯ ಚಪ್ಪಲಿ ಮೆಟ್ಟಿಕೊಂಡು ಹೋಗಿ. ಅಂಗಡಿಕಾರನ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಬೇಕಾದ ಸಾಮಾನಿಗೆ ಬೆನ್ನು ಮಾಡಿ ನಿಂತು ಬೇಡವಾದದ್ದರ ಬೆಲೆ ಕೇಳಿ. ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು ಹೋಗಿ, ಹಸಿದ ಮನುಷ್ಯ ಲಗೂನೆ ದರ ಇಳಿಸುತ್ತಾನೆ. ನೀವು ಮಾತ್ರ ಉಂಡು ಹೋಗಿ. ಇದನ್ನು ಮರೆತು ಹಸಿದುಕೊಂಡು ಹೋದ ನನ್ನ ಷಡ್ಡಕರೊಬ್ಬರು ಹಿಟ್ಟಿನ ಗಿರಣಿಯ ಯಂತ್ರವನ್ನು ಕೇಳಿದ ದರಕ್ಕೇ ತಂದರು.

ಇದೆಲ್ಲ ನಡೆದದ್ದು ಚಪ್ಪಟೆ ಟಿವಿ ನಮ್ಮ ಸೀಮೆಗೆ ಹೊಸದಾಗಿ ಕಾಲಿಟ್ಟ ದಿನಗಳಲ್ಲಿ. ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದವು, ಟಿವಿಗಳಿಗೆ ಇನ್ನೂ ಬೆನ್ನಿತ್ತು. ನನ್ನ ಗೆಳೆಯ ಶಿವಪ್ಪ, ಹತ್ತಿಬೀಜದ ಅಂಗಡಿಯವನು, ಮಗಳ ಮದುವೆಗೆ ಟಿವಿ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಎಲ್ಲ ಕೊಳ್ಳಬೇಕಿತ್ತು. ಅಂಥ ಜೀಪು ವರ್ಷಕ್ಕೊಮ್ಮೆ ಹೊರಡುತ್ತದೆ. ಅವನು ಹೇಳಿದ, "ಚನ್ನಣ್ಣ, ಆ ತೆಳ್ಳನ ಟಿವಿ ನನಗೇನೂ ತಿಳಿಯಂಗಿಲ್ಲ. ಮೊದಲ ನೀ ಒಂದು ತಗೋ. ಐತವಾರ ಬಂದು ನೋಡ್ತೀನಿ. ಚಲೋ ಇತ್ತಂದ್ರ ಬುಧವಾರ ಜೀಪ್ ಕಟ್ಟೂಣು, ಮುಂದ ನೀ ಕುಂದ್ರು."

ಹೀಗೆ ಒಂದು ಬುಧವಾರ ಹೆಂಡತಿ ಗಿರಿಜಾಳನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆ. ಸ್ಟೇಶನ್ ರಸ್ತೆಯಲ್ಲಿ ಮುನೀರ್ ಸಾಹೇಬರ ಅಂಗಡಿ. ಸಾಹೇಬರು ಸಣ್ಣ ಆಳಲ್ಲ. ನಾನು ಫ್ಯಾನಿನ ಬೆಲೆ ಕೇಳಿದ ಕೂಡಲೇ, "ಸಾವಕಾರ್ರ, ಟಿವಿ ಒಳಗದಾವ, ಬರ್ರಿ" ಎಂದರು.

ಒಳಗೆ ಒಂದೇ ಕಂಪನಿಯ, ಒಂದೇ ಅಳತೆಯ ಮೂರು ಟಿವಿಗಳನ್ನು ಬಿಚ್ಚಿಸಿದೆ. "ಸಮುದ್ರ, ಮೀನ, ಹಿಮದ ಗುಡ್ಡ ಎಲ್ಲಾ ಐತ್ರಿ ಕಂಪನಿ ಸೀಡಿಯೊಳಗ, ಹಾಕ್ಲೇನ್ರಿ?" ಎಂದು ಸಾಹೇಬರು ಕೇಳಿದರು.

"ಮೀನ ಕಟ್ಟಿಕೊಂಡು ನಾ ಏನ್ ಮಾಡ್ಲಿ ಸಾಹೇಬ್ರ? ಇದನ್ನ ಹಾಕ್ರಿ" ಎಂದು ನನ್ನ ಚೀಲದಿಂದ ನನ್ನದೇ ಸೀಡಿ ತೆಗೆದೆ.

ಆ ಸೀಡಿಯ ಬಗ್ಗೆ ಹೇಳಲೇಬೇಕು. ನನ್ನ ಅಂಗಡಿಯ ಉದ್ಘಾಟನೆಗೆ ಮದುವೆ ವಿಡಿಯೋ ತೆಗೆಯುವವನನ್ನು ಕರೆಸಿದ್ದೆ. ಅವನಿಗೆ ಮದುವೆ ಬಿಟ್ಟು ಬೇರೇನೂ ತೆಗೆದು ಗೊತ್ತಿರಲಿಲ್ಲ. ಅಂಗಳದ ತುಂಬ ಹರಡಿದ ಮೆಣಸಿನಕಾಯಿ ರಾಶಿಗಳನ್ನು ಎರಡು ತಾಸು ತೆಗೆದು, ಹಿಂದೆ ಶಹನಾಯಿ ಹಾಕಿ, ಒಂದೊಂದು ರಾಶಿಯನ್ನೂ ಹೃದಯಾಕಾರದ ಚೌಕಟ್ಟಿನೊಳಗೆ ಕೂರಿಸಿ, ಮೇಲಿಂದ ಗುಲಾಬಿ ಪಕಳೆ ಸುರಿಸಿ ಕೊಟ್ಟಿದ್ದ. ನನ್ನ ಮಟ್ಟಿಗೆ ಬಣ್ಣದ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಾಧನ ಭೂಮಿಯ ಮೇಲಿಲ್ಲ. ಸಮುದ್ರದ ನೀಲಿ ಹೇಗಿರುತ್ತದೆಂದು ನನಗೇನು ಗೊತ್ತು? ಬ್ಯಾಡಗಿ ಕಾಯಿಯ ಕೆಂಪು ಗೊತ್ತು. ಅದರಲ್ಲಿ ನನ್ನ ಕಣ್ಣಿಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ಆಗ ತಿಳಿದಿದ್ದೆ.

ಮೂರು ಪರದೆಗಳ ಮೇಲೆ ಮೂರು ಕೆಂಪು ಬೆಟ್ಟಗಳು ಎದ್ದವು. ಶಹನಾಯಿ ಮೊಳಗಿತು. ಬೀದಿಯಲ್ಲಿ ಹೋಗುವವರು, ಯಾರ ಮದುವೆಯೋ ಎಂದು ಒಳಗೆ ಇಣುಕಿದರು. ಆಗ ಸಾಹೇಬರು ಜೋರಾಗಿ ಸೀನಿದರು. "ನೋಡ್ರಿ ಸಾವಕಾರ್ರ, ಘಾಟು ಹೊರಗ ಬರಾಕತ್ತೈತಿ. ಅಷ್ಟು ಖರೇ ಬಣ್ಣ!" ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಎದುರಿಗೆ ರಾಶಿ ಸುರಿದರೂ ಅಷ್ಟು ಸುಲಭಕ್ಕೆ ಸೀನು ಬರುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಆ ಸೀನು ನನಗೆ ಹಿತವಾಯಿತು. ವ್ಯಾಪಾರದಲ್ಲಿ ಎದುರಿನವನು ನಿಮಗಾಗಿ ಸೀನುವ ಮಟ್ಟಕ್ಕೆ ಬಂದಾಗ ಎಚ್ಚರಾಗಬೇಕು. ನಾನಾಗಲಿಲ್ಲ.

ಮೂರರಲ್ಲಿ ನಡುವಿನ ಟಿವಿ ಉಳಿದೆರಡಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಕೆಂಪು ಅನಿಸಿತು. ಅದನ್ನೇ ಹಿಡಿದೆ. ಚೌಕಾಸಿ ಮಾಡಿ ಗೋಡೆಗೆ ಹಚ್ಚುವ ಸ್ಟ್ಯಾಂಡು, ಒಂದು ಗಡಿಯಾರ, ಗಿರಿಜಾಳಿಗೆ ಒಂದು ಇಸ್ತ್ರಿಪೆಟ್ಟಿಗೆ ಪುಕ್ಕಟೆ ಹಾಕಿಸಿಕೊಂಡೆ. ಆಮೇಲೆ, ಸಾಹೇಬರು ನಮಾಜಿಗೆ ಹೋದ ಹೊತ್ತು ನೋಡಿ, ನನ್ನ ಜಾಣತನದ ಕಳಶವಿಟ್ಟೆ. ನಮ್ಮ ಪೇಟೆಯಲ್ಲಿ ಮಾಲು ಪಸಂದಾದ ಕೂಡಲೇ ಚೀಲದ ಮೇಲೆ ಖರೀದಿದಾರನ ಗುರುತು ಹೊಡೆಯುತ್ತಾರೆ. ಇಲ್ಲದಿದ್ದರೆ ತೋರಿಸಿದ್ದೊಂದು, ಮನೆಗೆ ಬಂದದ್ದೊಂದು. ಅಕ್ಷರ ಕೊರೆದ ತಗಡು, ಬಣ್ಣದ ಸೀಸೆ ಸದಾ ನನ್ನ ಚೀಲದಲ್ಲಿರುತ್ತವೆ. ಟಿವಿಯನ್ನು ತಿರುಗಿಸಿ, ಬೆನ್ನಿಗೆ ತಗಡಿಟ್ಟು, ಕುಂಚದಿಂದ ಬಡಿದೆ: "ಚ.ಬ. ಬ್ಯಾಡಗಿ. ಒಂದನೇ ನಂಬರ ಮಾಲು." ಗಿರಿಜಾ ಅತ್ತ ತಿರುಗಿ, ನನ್ನ ಪರಿಚಯವೇ ಇಲ್ಲದವರಂತೆ ಮಿಕ್ಸರುಗಳನ್ನು ನೋಡುತ್ತಿದ್ದಳು.

ಟಿವಿ ಮನೆಗೆ ಬಂದು ಗೋಡೆಗೇರಿತು. ಸಂಜೆ ಏಳರ ವಾರ್ತೆಗೆ ಹಾಕಿದೆ. ಆ ಹೊತ್ತಿಗೆ ಗೋದಾಮಿನ ಕೀಲಿಕೈ ಕೊಡಲು ಹನುಮವ್ವ ಬಂದಳು. ಹನುಮವ್ವ ನನ್ನ ಗೋದಾಮಿನಲ್ಲಿ ಇಪ್ಪತ್ತು ವರ್ಷದಿಂದ ಕಾಯಿ ಆರಿಸುವವಳು. ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವುದು, ಬಣ್ಣಗೆಟ್ಟ ಬಿಳಿಕಾಯಿ ಕಂಡರೆ ಹೆಕ್ಕಿ ಆಚೆ ಎಸೆಯುವುದು ಆಕೆಯ ಕೆಲಸ. ಹೊಸಲಿನಲ್ಲಿ ನಿಂತು, ಇನ್ನೂ ಕೀಲಿಕೈ ನನ್ನ ಕೈಗೆ ಬಿದ್ದಿಲ್ಲ, ಆಕೆ ಹೇಳಿದಳು:

"ಸಾವಕಾರ್ರ, ಆ ಅಪ್ಪನ ಹಣಿ ಮ್ಯಾಲೆ ಒಂದು ಕಾಯಿ ಐತ್ರಿ."

"ಕುಂಕುಮ ಅದು, ಹನುಮವ್ವ."

"ಕುಂಕುಮ ಆದ್ರ ಮನಿಷ್ಯಾನ ಜೋಡಿ ಅಳ್ಳಾಡಬೇಕಲ್ರಿ? ಅಂವ ತಲಿ ಅಳ್ಳಾಡಸ್ತಾನ, ಅದು ಕುಂತಲ್ಲೇ ಕುಂತೈತಿ." ಆಕೆ ಕಣ್ಣು ಕಿರಿದು ಮಾಡಿದಳು. "ಇನ್ನೂ ಎರಡದಾವ ನೋಡ್ರಿ. ಒಂದು ಎಡಗಡೆ ಮೂಲ್ಯಾಗ. ಒಂದು ತೆಳಗ ಅಕ್ಷರ ಓಡ್ತಾವಲ್ಲ, ಅಲ್ಲಿ."

ಹತ್ತಿರ ಹೋಗಿ ನೋಡಿದೆ. ಸಾಸಿವೆಗಿಂತ ಸಣ್ಣವು, ಆದರೆ ಕೆಂಡದಂಥ ಕೆಂಪು. ಒಂದು ಕ್ಷಣದಲ್ಲಿ ಎಲ್ಲ ಹೊಳೆಯಿತು. ಇವು ಕೆಂಪಾಗಿಯೇ ಉಳಿದುಬಿಟ್ಟ ಚುಕ್ಕೆಗಳು. ನೀಲಿ ಸಮುದ್ರದ ಮೇಲೆ ಹಾಕಿದ್ದರೆ ಕುರುಡನಿಗೂ ಕಾಣುತ್ತಿದ್ದವು. ನಾನು ಹಾಕಿಸಿದ್ದು ಮೆಣಸಿನಕಾಯಿ. ಮೂರರಲ್ಲಿ ಇದೇ ಹೆಚ್ಚು ಕೆಂಪು ಎಂದು ಆರಿಸಿದ್ದೆನಲ್ಲ, ನನ್ನ ಕಣ್ಣು ಸುಳ್ಳು ಹೇಳಿರಲಿಲ್ಲ. ಮೂರು ಚುಕ್ಕೆಯಷ್ಟು ಹೆಚ್ಚಿತ್ತು.

"ಹನುಮವ್ವ, ಇದನ್ನ ಯಾರ ಮುಂದೂ ಹೇಳಬ್ಯಾಡ" ಎಂದೆ.

"ನಾ ಯಾಕ ಹೇಳ್ಲಿ ಬಿಡ್ರಿ. ಕಣ್ಣಿದ್ದವರಿಗೆ ಕಾಣಸ್ತೈತಿ."

ಶಿವಪ್ಪನಿಗೆ ಕಣ್ಣಿತ್ತು. ಐತವಾರಕ್ಕೆ ನಾಲ್ಕೇ ದಿನವಿತ್ತು. ಖರೀದಿಗೆ ಹೆಸರಾದ ಚನ್ನಬಸಪ್ಪನೇ ಹುಳುಕು ಟಿವಿ ತಂದನೆಂದು ಅವನಿಗೆ ತಿಳಿದರೆ ಪೇಟೆಗೆಲ್ಲ ತಿಳಿಯುತ್ತದೆ. ಬುಧವಾರದ ಜೀಪಿನ ಮುಂದಿನ ಸೀಟು ಬೇರೆ ಯಾರದೋ ಪಾಲಾಗುತ್ತದೆ.

ಮರುದಿನ ಸಾಹೇಬರಿಗೆ ಫೋನು ಮಾಡಿ ಗುಡುಗಿದೆ. "ಒಂದು ಮುಷ್ಟಿಯೊಳಗ ಮೂರು ಬಿಳಿಕಾಯಿ ಕಂಡ್ರ ನಾವು ದರಾ ಇಳಿಸ್ತೀವ್ರಿ ಸಾಹೇಬ್ರ. ಇದು ಯಾವ ನ್ಯಾಯ?"

"ಗೊತ್ತೈತ್ರಿ" ಎಂದರು ಸಾಹೇಬರು ತಣ್ಣಗೆ. "ಐರಣಿಯೊಳಗ ನನ್ನ ದೋಸ್ತ ಒಬ್ಬಾಂವ ಅದಾನ. ಹೋದ ವರ್ಷ ಅವನ ರಾಶಿಯೊಳಗ ಎರಡು ಬಿಳಿಕಾಯಿ ತಗದು, ಅಂಗೈಯಾಗ ಇಟ್ಕೊಂಡು, ಮಗು ಸತ್ತಂಗ ಮಾರಿ ಮಾಡಿದ್ರಂತ ನೀವು. ಇನ್ನೂ ಹೇಳ್ತಾನ. ಆದ್ರ ಸಾವಕಾರ್ರ, ಆ ಟಿವಿಯೊಳಗ ಒಟ್ಟು ಹತ್ತು ಲಕ್ಷಕ್ಕಿಂತ ಹೆಚ್ಚು ಚುಕ್ಕಿ ಅದಾವ್ರಿ. ಹತ್ತು ಲಕ್ಷದಾಗ ಮೂರು! ಅಂಥಾ ರಾಶಿ ನಿಮ್ಮ ಪ್ಯಾಟಿಗೆ ಬಂದ್ರ ನೀವು ಆರತಿ ಮಾಡಿ ಒಳಗ ಕರ್ಕೋತಿದ್ರಿ. ದೃಷ್ಟಿಬೊಟ್ಟು ಅನ್ಕೋರಿ. ತೀರಾ ಅನುಮಾನ ಇದ್ರ ಹಾವೇರಿಯೊಳಗ ಕಂಪನಿ ರಿಪೇರಿಯವರ ಅದಾರ, ಕೇಳಿ ಬರ್ರಿ."

ಫೋನಿಟ್ಟು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೂವತ್ತು ವರ್ಷದಲ್ಲಿ ಹತ್ತು ಲಕ್ಷಕ್ಕೆ ಮೂರರಷ್ಟು ಶುದ್ಧವಾದ ರಾಶಿಯನ್ನು ನಾನು ಕಂಡಿರಲಿಲ್ಲ. ಇಷ್ಟು ಸರಿಯಾದ ಮಾತನ್ನು ಎದುರಿನವನ ಬಾಯಿಂದ ಕೇಳುವುದಕ್ಕಿಂತ ಕೆಟ್ಟದ್ದು ವ್ಯಾಪಾರದಲ್ಲಿ ಇನ್ನೊಂದಿಲ್ಲ.

ಶುಕ್ರವಾರ ಹಾವೇರಿಗೆ ಹೋದೆ. ರಿಪೇರಿಯವರು ತಲೆ ನರೆತ ಶಾಂತ ಮನುಷ್ಯ, ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರಂತೆ. ಚಹಾ ತರಿಸಿ ಪಾಠ ಹೇಳಿದರು. ಪರದೆಯ ಒಂದೊಂದು ಚುಕ್ಕೆಯೊಳಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಣ್ಣ ಕಿಟಕಿಗಳು. ಬೇಕಾದಂತೆ ತೆರೆದು ಮುಚ್ಚಿದರೆ ಜಗತ್ತಿನ ಎಲ್ಲ ಬಣ್ಣ ಬರುತ್ತದೆ. ಕೆಲವು ಚುಕ್ಕೆಗಳಲ್ಲಿ ಒಂದು ಕಿಟಕಿ ತೆರೆದದ್ದು ತೆರೆದಂತೆಯೇ ಕಚ್ಚಿಕೊಂಡುಬಿಡುತ್ತದೆ. ನಮ್ಮದು ಕೆಂಪು ಕಿಟಕಿ. ನನಗೆ ಒಳಗೊಳಗೇ ಸಣ್ಣ ಹೆಮ್ಮೆಯಾಯಿತು. ಬ್ಯಾಡಗಿಗೆ ಬರುವ ಟಿವಿ ಇನ್ನಾವ ಬಣ್ಣಕ್ಕೆ ಕಚ್ಚಿಕೊಳ್ಳಬೇಕು?

"ಬದಲಿ ಕೊಡ್ತೀರೇನ್ರಿ?" ಎಂದು ಕೇಳಿದೆ.

"ಕಂಪನಿ ರೂಲ್ ಐತ್ರಿ. ಐದು ಚುಕ್ಕಿ ಆದ್ರ ದೋಷ. ನಾಕರ ತನಕ ಚಲೋ ಟಿವಿ."

"ಅಂದ್ರ ನನಗಿನ್ನೂ ಎರಡು ಬೇಕೇನ್ರಿ?"

"ಬೇಕು ಅಂತ ಹೆಂಗ ಹೇಳ್ಲಿ? ಇದ್ರ ಚಲೋ." ಅವರು ಚಹಾ ಹೀರಿದರು. "ಒಮ್ಮೊಮ್ಮಿ ಮೆತ್ತನ ಅರಿವಿ ತಗೊಂಡು ಹಗೂರಕ ಉಜ್ಜಿದ್ರ ಹೋಗ್ತಾವ, ನೋಡ್ರಿ."

ಹಾವೇರಿಯಿಂದ ಬಸ್ಸಿನಲ್ಲಿ ಬರುವಾಗ ನನ್ನ ಸ್ಥಿತಿ ನೆನೆದು ನನಗೇ ವಿಚಿತ್ರವೆನಿಸಿತು. ಜೀವಮಾನವಿಡೀ ಮಾಲಿನಲ್ಲಿ ದೋಷ ಕಡಿಮೆಯಿರಲಿ ಎಂದು ಹಟ ಹಿಡಿದವನು ಈಗ ಎರಡು ದೋಷ ಹೆಚ್ಚು ಬೇಕೆಂದು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ. ಹತ್ತು ಲಕ್ಷದಲ್ಲಿ ಎಲ್ಲೋ ಇನ್ನೆರಡು ಅಡಗಿರಲೇಬೇಕು. ಹುಡುಕುವವರು ಬೇಕು.

ಶನಿವಾರ ಹನುಮವ್ವನಿಗೆ ಗೋದಾಮಿನ ಕೆಲಸ ಬಿಡಿಸಿ, ಅದೇ ದಿನಗೂಲಿಗೆ ಟಿವಿಯ ಮುಂದೆ ಕೂರಿಸಿದೆ. ಆಕೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟಿವಿಯನ್ನು ಮೆಣಸಿನಕಾಯಿ ರಾಶಿಯಂತೆ ಮೇಲಿನಿಂದ ಕೆಳಕ್ಕೆ ಸಾಲು ಹಿಡಿದು ನೋಡತೊಡಗಿದಳು. ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ವಿಷ ಹಾಕಿದಳು. ಹನುಮವ್ವ ಕದಲಲಿಲ್ಲ, ಆಕೆಯ ಕಣ್ಣು ಆಗ ಆ ಅತ್ತೆಯ ಮನೆಯ ಎಡಗಡೆಯ ಕಿಟಕಿಪರದೆಯ ಮೇಲಿತ್ತು. ಊಟದ ಹೊತ್ತಿಗೆ ಕೂಗಿದಳು, "ನಾಕನೇದು ಸಿಕ್ತ್ರಿ!" ನಿಜ, ಬಲಗಡೆ ಅಂಚಿನಲ್ಲಿ ಒಂದು ಹಸಿರು ಚುಕ್ಕೆ. ನಾನು ಗಿರಿಜಾಳಿಗೆ ಶಿರಾ ಮಾಡಲು ಹೇಳಿದೆ. ಸಂಜೆ ನಾಲ್ಕಕ್ಕೆ ಐದನೆಯದೂ ಸಿಕ್ಕಿತು. ಕುಣಿಯುವುದೊಂದು ಬಾಕಿ. ಹನುಮವ್ವ ಎದ್ದು ಹೋಗಿ ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ನೊಣದ ಕೆಲಸ.

ಅಷ್ಟರಲ್ಲಿ ಗಿರಿಜಾ ತನ್ನ ದಾರಿ ಹಿಡಿದಿದ್ದಳು. ರಿಪೇರಿಯವರ ಅರಿವೆಯ ಮಾತು ನಾನೇ ಅವಳಿಗೆ ಹೇಳಿದ್ದೆ, ಆ ತಪ್ಪು ನನ್ನದೇ. ಹಳೆಯ ಧೋತರದ ತುಂಡು ಹಿಡಿದು, ನೆಗಡಿಯಾದ ಕೂಸಿನ ಎದೆಗೆ ಮುಲಾಮು ಸವರುವ ಹಾಗೆ ಬಲಗಡೆಯ ಅಂಚನ್ನು ಸವರುತ್ತಿದ್ದಳು. "ಏನ್ರೀ, ಹೋತು! ಹಸರದ್ದು ಹೋತು ನೋಡ್ರೀ!"

"ಅಯ್ಯ, ಕೈ ತಗಿ! ಬೇಕಾಗಿದ್ದ ಚುಕ್ಕಿ ಅದು!" ಎಂದು ಚೀರಿದೆ.

ಗಿರಿಜಾ ಧೋತರ ಹಿಡಿದು ನಿಂತೇಬಿಟ್ಟಳು. "ಇವರಿಗೇನಾಗೈತಿ ಹನುಮವ್ವಾ?"

"ಕೆಟ್ಟಕಾಯಿ ತಗದಿದ್ದಕ್ಕ ಬೈಯೋ ಸಾವಕಾರನ್ನ ಇವತ್ತ ನೋಡಿದ್ನಿ ಬಿಡ್ರಿ ಅಕ್ಕಾರ" ಎಂದಳು ಹನುಮವ್ವ, ಶಿರಾ ತಿನ್ನುತ್ತ.

ಮತ್ತೆ ಮೂರಕ್ಕೆ ಬಂದು ನಿಂತೆವು. ಉಳಿದ ಮೂರನ್ನು ಗಿರಿಜಾ ಎಷ್ಟು ತಿಕ್ಕಿದರೂ ಜಗ್ಗಲಿಲ್ಲ. ಹಸಿರು ನಾಜೂಕಿನದಿರಬೇಕು, ಕೆಂಪು ನಮ್ಮೂರಿನದು.

ಉಳಿದದ್ದು ಒಂದೇ ದಾರಿ. ಐತವಾರ ಮುಂಜಾನೆ ಟಿವಿಯನ್ನು ಗೋಣಿಚೀಲಗಳಲ್ಲಿ ಸುತ್ತಿ, ಮಾಲು ಒಯ್ಯುವ ಆಟೋದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ರಾಣೆಬೆನ್ನೂರಿಗೆ ಹೊರಟೆ. ಕದರಮಂಡಲಗಿ ಬಂದ ಕೂಡಲೇ, ಹನುಮಪ್ಪನಿಗೆ ಕಾಯಿ ಒಡೆಯದೆ ಹೊಸ ಸಾಮಾನು ಮುಂದೆ ಹೋಗಬಾರದೆಂದು ಆಟೋದವನು ಗಾಡಿ ನಿಲ್ಲಿಸಿ ಗುಡಿಯೊಳಗೆ ಹೋದ. ಬಟ್ಟೆ ಸುತ್ತಿ ನಿಲ್ಲಿಸಿದ ಚೌಕಟ್ಟನ್ನು ಯಾವುದೋ ದೇವರ ಪಟವೆಂದು ತಿಳಿದು ಇಬ್ಬರು ಮುದುಕಿಯರು ಬಂದು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಯಾವ ದೇವರಪಾ?" ಎಂದು ಒಬ್ಬಾಕೆ ಕೇಳಿದಳು. "ಟಿವಿ, ಯವ್ವಾ" ಎಂದೆ. ಆಕೆ ಜೋಡಿಸಿದ ಕೈ ಬಿಡಿಸಲಿಲ್ಲ. "ಇರ್ಲಿ, ಬೆಳಿಗ್ಗೆ ಅದರಾಗ ದೇವರ ಹಾಡು ಬರ್ತಾವ" ಎಂದಳು.

ಅಂಗಡಿಯಲ್ಲಿ ನಾನು ಗುಡುಗಲಿಲ್ಲ. ಈ ಸಲ ಶಿವಪ್ಪನ ಮಗಳ ಮದುವೆಯ ಮಾತು ತೆಗೆದೆ. ಟಿವಿ, ಫ್ರಿಜ್ಜು, ಒಗೆಯುವ ಯಂತ್ರ ಒಂದೇ ಅಂಗಡಿಯಲ್ಲಿ, ಕರೆತರುವವನು ನಾನು, ನನ್ನ ಮನೆಯ ಟಿವಿಯೇ ಹೀಗಾದರೆ ಯಾವ ಮುಖ ಹೊತ್ತು ಕರೆತರಲಿ? ಸಾಹೇಬರು ಗಡ್ಡ ನೀವಿಕೊಂಡರು. ಅಳೆದರು. ಕೊನೆಗೆ ಕರಗಿದರು. "ಆಗ್ಲಿ ಬಿಡ್ರಿ ಸಾವಕಾರ್ರ. ರೂಲ್ ರೂಲ್ ಕಡೆ ಇರ್ಲಿ. ಇದನ್ನ ನಾ ಕಂಪನಿಗೆ ಹೆಂಗರ ಮಾಡಿ ದಾಟಿಸ್ತೀನಿ, ನಿಮಗ ಬ್ಯಾರೆ ಕೊಡ್ತೀನಿ."

ಗೆದ್ದೆ. ಆ ಒಂದು ನಿಮಿಷ ನನ್ನ ಬಾಳಿನ ಅತ್ಯುತ್ತಮ ಚೌಕಾಸಿಯ ನಿಮಿಷ. ಆಮೇಲೆ ಸಾಹೇಬರು ನಂಬರು ಬರೆದುಕೊಳ್ಳಲು ಟಿವಿಯನ್ನು ತಿರುಗಿಸಿದರು.

ಬಹಳ ಹೊತ್ತು ಓದಿದರು. "ಇದೇನ್ರಿ ಇದು?"

"ಗುರುತು" ಎಂದೆ.

"ಒಂದನೇ ನಂಬರ ಮಾಲು ಅಂತ ನೀವ ಬರದೀರಿ. ಇದು ಕೆಟ್ಟದ್ದು ಅಂತ ನಾ ಕಂಪನಿಗೆ ಯಾವ ಬಾಯಿಲೆ ಹೇಳ್ಲಿ?"

ಅಳಿಸಲು ನೋಡಿದೆವು. ಸೀಮೆಎಣ್ಣೆ ಹಚ್ಚಿದೆವು. ಮಳೆ, ಬಿಸಿಲು, ರೈಲಿನ ಧೂಳು ಎಲ್ಲ ತಡೆದು ಚೀಲದ ಮೇಲೆ ನಿಲ್ಲಲೆಂದು ಮಾಡಿದ ಬಣ್ಣ ಅದು. ನಾನೇ ಐದು ಅಂಗಡಿ ತಿರುಗಿ ಆರಿಸಿ ತಂದದ್ದು. ಸಾಹೇಬರು ಕೈ ಒರೆಸಿಕೊಂಡು, ನನ್ನ ಮುಖ ನೋಡಿ, ಚಹಾ ತರಿಸಿದರು. ನನಗೆ ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಆ ಟಿವಿಯೊಂದಿಗೆ ಅದೇ ಆಟೋದಲ್ಲಿ ಮರಳಿ ಬಂದೆ. ಕದರಮಂಡಲಗಿಯಲ್ಲಿ ಈ ಸಲ ನಾನೇ ನಿಲ್ಲಿಸಿ ಕಾಯಿ ಒಡೆಸಿದೆ.

ಸಂಜೆ ಶಿವಪ್ಪ ಬಂದ. ನನಗೆ ಉಳಿದ ಉಪಾಯ ಒಂದೇ. ಮೆಣಸಿನಕಾಯಿ ಸೀಡಿ ಹಾಕಿದೆ. ಕೆಂಪಿನೊಳಗೆ ಕೆಂಪು ಮುಳುಗಿ ಟಿವಿ ನಿಷ್ಕಳಂಕವಾಯಿತು. ಶಹನಾಯಿ ಊದಿತು. ಶಿವಪ್ಪ ಒಂದು ರಾಶಿ ನೋಡಿದ, ಎರಡು ನೋಡಿದ, ಹೃದಯದೊಳಗಿನ ರಾಶಿಯನ್ನೂ ನೋಡಿದ. ಮುಕ್ಕಾಲು ತಾಸು ಕಳೆಯಿತು. ಮಿರ್ಚಿಭಜಿ ಮುಗಿಯಿತು.

"ಚನ್ನಣ್ಣ, ಒಂದು ಮಾತು. ಮದುವಿ ಮನ್ಯಾಗ ಬರೇ ಮೆಣಸಿನಕಾಯಿ ನೋಡಂಗಿಲ್ಲೋ. ಬ್ಯಾರೆ ಏನರ ಹಾಕು."

"ಇನ್ನೂ ಒಂದು ತಾಸಿನದ ಐತಿ..."

"ವಾರ್ತೆ ಹಾಕು."

ಹಾಕಿದೆ. ಬಿಳಿ ಅಂಗಿ ತೊಟ್ಟ ದೊಡ್ಡ ಮೀಸೆಯವನೊಬ್ಬ ಹಣೆಗೆ ಕುಂಕುಮವಿಟ್ಟುಕೊಂಡು ಹವಾಮಾನ ಹೇಳತೊಡಗಿದ. ನಡುನಡುವೆ ಅವನು ನಕಾಶೆ ತೋರಿಸಲು ಪಕ್ಕಕ್ಕೆ ವಾಲಿದಾಗ ಕುಂಕುಮ ಅವನನ್ನು ಬಿಟ್ಟು ಬಂಗಾಳಕೊಲ್ಲಿಯಲ್ಲಿ ತೇಲಿತು. ಶಿವಪ್ಪ ಮುಂದೆ ಬಾಗಿದ. ನಾನು ನೆಲ ನೋಡಿದೆ. ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟೆ: ಸೀಡಿ, ಗುರುತು, ಐದು ಚುಕ್ಕೆ, ನೊಣ. ಅವನು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಅಂಗಡಿಯೊಳಗ ನೀ ಎಷ್ಟು ಹೊತ್ತು ನೋಡಿದ್ದಿ?" ಎಂದು ಕೇಳಿದ.

"ಅರ್ಧ ದಿನ."

"ಹನುಮವ್ವ?"

"ಹೊಸಲ ದಾಟೂಕಿಂತ ಮೊದಲ ಕಂಡ್ಳು."

"ಹಂಗೇನು" ಎಂದು ಎದ್ದ. "ಬುಧವಾರ ಹತ್ತಕ್ಕ ಜೀಪ್ ಬರ್ತೈತಿ."

ಜೀಪು ಬರುತ್ತದೆ! ನನಗೆ ಮೂರು ದಿನ ನೆಲ ಕಾಣಲಿಲ್ಲ. ಗೆಳೆಯನೆಂದರೆ ಅವನು ಎಂದುಕೊಂಡೆ. ಬುಧವಾರ ಬೇಗ ಉಂಡು, ಹಳೆಯ ಚಪ್ಪಲಿ ಮೆಟ್ಟಿ, ಹಾರ್ನ್ ಕೇಳಿದ ಕೂಡಲೇ ಹೋಗಿ ಮುಂದಿನ ಬಾಗಿಲಿಗೆ ಕೈ ಹಾಕಿದೆ. ಹಿಂದಿನ ಸೀಟಿನಿಂದ ಶಿವಪ್ಪ ಹೇಳಿದ, "ಇಲ್ಲಿ ಬಾ ಚನ್ನಣ್ಣ, ನನ್ನ ಬಾಜೂಕ. ಅಲ್ಲಿ ಹನುಮವ್ವ ಕುಂದ್ರತಾಳ."

ಜೀಪು ಗೋದಾಮಿಗೆ ಹೋಗುವಷ್ಟರಲ್ಲಿ ಹನುಮವ್ವ ಒಗೆದ ಇಳಕಲ್ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದಳು. ಶಿವಪ್ಪ ಅವಳಿಗೆ ಮೊದಲೇ ಹೇಳಿ ಕಳಿಸಿದ್ದನಂತೆ. ಮುಂದಿನ ಸೀಟಿಗೆ ಹೇಗೆ ಹತ್ತಬೇಕೆಂದು ಅವಳಿಗೆ ತಿಳಿಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರಾದರೂ ಹತ್ತಿಸಿದ್ದರೆ ತಾನೇ? ಎಡಗಾಲು ಮೊದಲು ಇಡಬೇಕು ಎಂದು ನಾನೇ ಹೇಳಿಕೊಟ್ಟೆ. ಅಂದು ನಾನು ಕೊಟ್ಟ ಸಲಹೆಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಅಂಗಡಿಯಲ್ಲಿ ಸಾಹೇಬರು ನನ್ನನ್ನು ನೋಡಿ ಸೀನಲು ಸಿದ್ಧರಾಗಿದ್ದರು. ಶಿವಪ್ಪ ಹೇಳಿದ, "ಇವತ್ತ ಖರೀದಿ ಇವರದ್ರಿ." ಸಾಹೇಬರು ಕುರ್ಚಿ ತರಿಸಿದರು. "ಕುರ್ಚಿ ಮ್ಯಾಲೆ ಕುಂತ್ರ ನನಗ ಕಾಣಂಗಿಲ್ಲ್ರಿ" ಎಂದು ಹನುಮವ್ವ ನೆಲದ ಮೇಲೆ ಕುಳಿತಳು. "ಬಿಳೀದು ಹಾಕ್ರಿ. ಪೂರಾ ಬಿಳೀದು. ಆಮ್ಯಾಲೆ ಕರೀದು." ಒಂದು ಟಿವಿ ನೋಡಿದಳು, ಕೈಯಿಂದ ಆಚೆ ಸರಿಸೆಂದು ತೋರಿಸಿದಳು. ಎರಡನೆಯದನ್ನೂ ಸರಿಸಿದಳು. ಮೂರನೆಯದರ ಮುಂದೆ ಕುಳಿತೇ ಇದ್ದಳು. ಆ ಮೌನವನ್ನು ಸಾಹೇಬರಿಗೆ ತಡೆಯಲಾಗಲಿಲ್ಲ. "ಅಮ್ಮಾರ, ಒಂದು ಸಾವಿರ ಕಡಿಮಿ ಮಾಡ್ತೀನ್ರಿ" ಎಂದರು. ಆಕೆ ಇನ್ನೂ ಎರಡನೇ ಸಾಲಿನಲ್ಲಿದ್ದಳು. "ಇಸ್ತ್ರಿಪೆಟ್ಟಿಗಿ ಕೊಡ್ತೀನ್ರಿ." ಆಕೆ ನಡುಮಧ್ಯಕ್ಕೆ ಬಂದಳು. "ಗಡಿಯಾರಾನೂ ಇರ್ಲಿ ತಗೋರಿ!" ಆಕೆ ಕೆಳಗಿನ ಅಂಚು ಮುಗಿಸಿ, "ಇದಿರ್ಲಿ" ಎಂದು ಎದ್ದಳು. ಬೆಲೆ ಇಳಿದದ್ದು ಆಕೆಗೆ ಗೊತ್ತೇ ಇರಲಿಲ್ಲ. ನಾನು ಹಳೆಯ ಚಪ್ಪಲಿಯಲ್ಲಿ ಗೋಡೆಗೊರಗಿ ನಿಂತಿದ್ದೆ. ಗುರುತು ಹಾಕುವ ತಗಡನ್ನು ಚೀಲದಿಂದ ತೆಗೆಯಲಿಲ್ಲ.

ಮರಳಿ ಬರುವಾಗ ಹನುಮವ್ವ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದಳು. "ಸಾವಕಾರ್ರ, ಸಿಟ್ಟಿಗೇಳಂಗಿಲ್ಲಂದ್ರ ಒಂದು ಹೇಳ್ಲೇನ್ರಿ?"

"ಹೇಳವ್ವ."

"ನೀವು ಚಲೋ ಐತೇನು ಅಂತ ನೋಡ್ತೀರಿ. ನಮಗ ಚಲೋದ್ದು ನೋಡಾಕ ಯಾರು ಕೂಲಿ ಕೊಡ್ತಾರ್ರೀ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಸಲಹೆಯೊಂದು ಎದುರಿನಿಂದ ಬಂದು ನನ್ನ ಮಡಿಲಲ್ಲಿ ಬಿದ್ದಿತ್ತು. ಶಿವಪ್ಪ ಆಗ ನಕ್ಕ. ಮೂರು ದಿನ ತಡೆದಿಟ್ಟದ್ದೆಲ್ಲ ಒಮ್ಮೆಲೇ ನಕ್ಕ.

ಈಗಲೂ ಜೀಪುಗಳು ನನ್ನ ಮನೆಯ ಮುಂದೆ ಬಂದು ಹಾರ್ನ್ ಹೊಡೆಯುತ್ತವೆ, ಹನುಮವ್ವ ಇದ್ದಾಳೇನು ಎಂದು ಕೇಳಲು. ಆಕೆಯ ಖರೀದಿಯ ದಿನಗೂಲಿಯನ್ನು ನಾನೇ ಚೌಕಾಸಿ ಮಾಡಿ ಕುದುರಿಸುತ್ತೇನೆ. ಒಂದು ಪೈಸೆ ಬಿಡುವುದಿಲ್ಲ, ಪೂರ್ತಿ ಆಕೆಗೇ ಸೇರುತ್ತದೆ. ನಾನೂ ಹೋಗುತ್ತೇನೆ, ಹಿಂದೆ. ನಮ್ಮ ಟಿವಿ ಹಾಗೇ ಇದೆ. ಬೇರೆಯವರ ಮನೆಯಲ್ಲಿ ವಾರ್ತೆ ಓದುವವರನ್ನು ಕಂಡರೆ ಗಿರಿಜಾಳಿಗೆ ಅವರ ಹಣೆ ಬಿಕೋ ಅನಿಸುತ್ತದಂತೆ. ನೀವು ಟಿವಿ ಕೊಳ್ಳುವಾಗ ಬಿಳಿ ಹಾಕಿಸಿ ನೋಡಿ, ಕರಿ ಹಾಕಿಸಿ ನೋಡಿ, ನಿಮಗೆ ಯಾವುದು ಚೆನ್ನಾಗಿ ಗೊತ್ತಿದೆಯೋ ಅದನ್ನು ಮಾತ್ರ ಹಾಕಿಸಬೇಡಿ. ಇನ್ನೂ ಹೇಳುವುದು ಬಹಳ ಇದೆ. ಹಿಂದಿನ ಸೀಟಿನಿಂದ ನಾನು ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತೇನೆ. ಗಾಳಿಗೆ ಮುಂದಿನವರಿಗೆ ಕೇಳಿಸುವುದಿಲ್ಲ, ಖರೀದಿಗಳೆಲ್ಲ ಚೆನ್ನಾಗಿ ಆಗುತ್ತಿವೆ.